ಸ್ಟೀಲ್ ಲೋಟದ ದಾಳಿಂಬೆ ರಸ

ರೀ,

ನೀವು ತೀರಿಕೊಂಡ ಮೇಲೆ ಇವತ್ತೇ ಆ ಬಾಟಲಿ ತೆರೆದೆ. ವೈನರಿಯಲ್ಲಿ ಎಲ್ಲ ಕೆಂಪು ವೈನುಗಳ ರುಚಿ ನೋಡಿ, "ಇದನ್ನ ಬೆಟಗೇರಿ ಮನೀಗೆ ಒಯ್ಯೋಣು" ಎಂದು ನೀವೇ ಆರಿಸಿದ್ದು. ನಿಮ್ಮ ಅವ್ವನಿಗೆ ಕಾಣಬಾರದೆಂದು ನೀವು ಮಾಡಿಟ್ಟ ರೂಢಿಯಂತೆ ಸ್ಟೀಲ್ ಲೋಟಕ್ಕೇ ಸುರಿದೆ. ಅಷ್ಟರಲ್ಲಿ ಅವರೇ ಅಡುಗೆಮನೆಗೆ ಬಂದರು. ಬಾಯಿಗೆ ಹಳೆಯ ಸುಳ್ಳೇ ಬಂತು.

"ದಾಳಿಂಬ್ರಿ ರಸಾರಿ, ಅತ್ತಿ."

ಅವರು ತಮ್ಮ ಲೋಟ ತಂದು ಮುಂದೆ ಹಿಡಿದರು. "ನನಗೂ ಒಂದೀಟು ಹಾಕವಾ. ಅದನ್ನ ಕುಡುದು ನೀವಿಬ್ರೂ ಕದಾ ಹಾಕ್ಕೊಂಡು ನಗತಿದ್ರಿ."

ಒಂದು ಗುಟುಕಿಗೇ ಮುಖ ಕಿವುಚಿದರು. ಲೋಟ ಮಾತ್ರ ಕೆಳಗಿಡಲಿಲ್ಲ. "ಒಗರೈತಿ," ಎಂದರು. ಆಮೇಲೆ, "ನನ್ನ ಮಗಾ ಒಮ್ಮೆರ ಕರೀಲಿಲ್ಲ ನೋಡು."

ಅವರ ಲೋಟಕ್ಕೆ ಇನ್ನಷ್ಟು ಸುರಿದೆ. ಕದ ತೆರೆದೇ ಇತ್ತು. ನಗು ಮಾತ್ರ ಇಬ್ಬರಿಗೂ ಬರಲಿಲ್ಲ.