ಮುಂದಿನ ಚಕ್ರಕ್ಕೂ ಒಂದು

ಸಾನ್ ದಮಾಸೊ
ಶನಿವಾರ, 31 ಜನವರಿ 2015

ಟಯರು ಮಾರುವ ಒರೆಸ್ತೆಗೆ, ಟಯರು ಆರಿಸುವುದನ್ನು ಕಲಿತ ಡೆಲ್ಫಿನಾಳ ವಂದನೆಗಳು.

ನಾನು ಕ್ಷೇಮ. ಚಿಕ್ಕಮ್ಮ ಸೆಕೊಂಡೀನಾಳೂ ಕ್ಷೇಮ, ಅವಳ ಕೆಮ್ಮೂ ಕ್ಷೇಮ. ನೀನು ಕಾಯುತ್ತಿರುವ ಸುದ್ದಿ ಇದಲ್ಲ ಎಂದು ಗೊತ್ತು, ಅದಕ್ಕೇ ಮೊದಲು ಅದನ್ನೇ ಹೇಳಿಬಿಡುತ್ತೇನೆ: ಜಾಗ ಉಳಿಯಿತು. ರೊಕ್ಕಾಲ್ತಾ ಸಂತೆಯಲ್ಲಿ ಕಮಾನಿನ ಕೆಳಗೆ, ಮೂಲೆಯ ಕಂಬಕ್ಕೆ ತಾಗಿ, ನನ್ನ ಅಮ್ಮ ಆಯುಷ್ಯವೆಲ್ಲ ಗುಂಡಿ, ದಾರ, ಎಲಾಸ್ಟಿಕ್ ಮಾರಿದ ಜಾಗ ಈಗಲೂ ನನ್ನದೇ. ಮೊನ್ನೆ ಗುರುವಾರ, ಹಿಮ ಸುರಿದ ಬೆಳಿಗ್ಗೆ, ಇಲ್ಲಿಂದ ಸ್ಕೂಟರಿನಲ್ಲಿ ಇಳಿದು ಬಂದು ಉಳಿಸಿಕೊಂಡೆ. ನಿನ್ನ ತಂಗಿ ಮರಿಲೇನಾ ಆಗಲೇ ನಿನ್ನ ಕಿವಿ ಊದಿರುತ್ತಾಳೆ. ಅವಳು ಹೇಳಿದ್ದರಲ್ಲಿ ಅರ್ಧ ಹೊಟ್ಟೆಕಿಚ್ಚು, ಇನ್ನರ್ಧ ಅವಳು ಕಣ್ಣಾರೆ ನೋಡದೇ ಇದ್ದದ್ದು. ಆದ್ದರಿಂದ ನನ್ನಿಂದಲೇ ಕೇಳು. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ, ಅದೊಂದು ಸುಖ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಯಾಕೆಂದರೆ ಅದನ್ನೇ ನೀನು ಕಾಫಿ ಬಾರಿನಲ್ಲಿ ಬೇರೆ ರೀತಿ ಹೇಳಿಕೊಂಡು ಓಡಾಡಿದ್ದೀಯ. ಕಳೆದ ಚಳಿಗಾಲಕ್ಕೆ ನೀನು ನನ್ನ ಸ್ಕೂಟರಿನ ಹಿಂದಿನ ಚಕ್ರಕ್ಕೆ ಹಿಮದ ಟಯರು ಹಾಕಿಕೊಟ್ಟೆ. ಮುಂದಿನದಕ್ಕೆ ಬೇಸಿಗೆಯದೇ ಇರಲಿ ಎಂದೆ. ಯಾಕೆ ಎಂದು ನಾನು ಕೇಳಿದ್ದಕ್ಕೆ ನೀನು, "ಎಂಜಿನ್ ಇರೋದು ಹಿಂದೆ, ತಳ್ಳೋದು ಹಿಂದಿನ ಚಕ್ರ, ಮುಂದಿಂದು ಸುಮ್ನೆ ಜೊತೆಗೆ ಉರುಳುತ್ತೆ ಕಣೇ. ಅದರ ಗೀರು ಇನ್ನೂ ಸವೆದಿಲ್ಲ, ಯಾಕೆ ಬಿಸಾಡ್ತೀಯ?" ಎಂದೆ. ಈ ಕಣಿವೆಯಲ್ಲಿ ಸ್ಕೂಟರ್ ಇರುವ ಪ್ರತಿ ಗಂಡಸೂ ಇದನ್ನೇ ಹೇಳುತ್ತಾನೆ, ನಂಬುತ್ತಾನೆ ಕೂಡ. ಆದರೆ ನೀನು ಟಯರು ಅಂಗಡಿಯವನು. ಕಾರು ತಂದವನಿಗೆ ಎರಡೇ ಟಯರು ಕೊಟ್ಟು ಕಳಿಸಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. "ನಾಲ್ಕೂ ಹಾಕಿಸ್ಕೊಳ್ಳಿ, ಇಲ್ದಿದ್ರೆ ಬೇರೆ ಅಂಗಡಿಗೆ ಹೋಗಿ" ಎಂದು ಪಾದ್ರಿಯವರಿಗೇ ಹೇಳಿದವನು ನೀನು. ಗಿರಾಕಿಗೆ ನಾಲ್ಕು, ಹೆಂಡತಿಗೆ ಒಂದು!

ಮಾರ್ಚ್‌ನಲ್ಲಿ, ಚಳಿ ಮುಗಿಯಿತು ಎಂದು ಎಲ್ಲರೂ ಅಂದುಕೊಂಡ ಮೇಲೆ ಬಿದ್ದ ಹಿಮದಲ್ಲಿ, ಚಿಕ್ಕಮ್ಮನನ್ನು ನೋಡಿಕೊಂಡು ಇಳಿಯುತ್ತಿದ್ದಾಗ ಪುಟ್ಟ ಗುಡಿಯ ತಿರುವಿನಲ್ಲಿ ಆದದ್ದು ನನ್ನ ತಪ್ಪಲ್ಲ. ಹಿಂದಿನ ಚಕ್ರ ರಸ್ತೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಮುಂದಿನದು ಸಾಬೂನು ತುಳಿದ ಹಾಗೆ ಪಕ್ಕಕ್ಕೆ ಹೋಯಿತು. ನನ್ನ ಮಣಿಕಟ್ಟು ಎರಡು ಕಡೆ ಮುರಿಯಿತು. ನೀನು ಆಸ್ಪತ್ರೆಗೆ ಕಿತ್ತಳೆ ಹಣ್ಣು ತಂದೆ, ಒಳ್ಳೆಯದು. ಅದೇ ಸಂಜೆ ಬಾರಿನಲ್ಲಿ ನಿಂತು, "ಮುಂದಿನ ಬ್ರೇಕ್ ಹಿಡಿದ್ಲು, ಇನ್ನೇನಾಗುತ್ತೆ? ಹೆಂಗಸರಿಗೆ ಎಷ್ಟು ಹೇಳಿದ್ರೂ ಅಷ್ಟೇ" ಎಂದೆಯಂತೆ. ಕೈ ಮುರಿದದ್ದಕ್ಕೆ ನಾನು ಮನೆ ಬಿಟ್ಟು ಇಲ್ಲಿಗೆ, ಬೆಟ್ಟದ ಮೇಲೆ ಚಿಕ್ಕಮ್ಮನ ಮನೆಗೆ ಬರಲಿಲ್ಲ, ಒರೆಸ್ತೆ. ಆ ಮಾತಿಗೆ ಬಂದೆ.

ಪಟ್ಟಿ ಕಟ್ಟಿದ ಕೈಯಲ್ಲಿ ಸಂತೆ ಮಾಡುವುದು ಹೇಗೆ? ಬೇಸಿಗೆಯೆಲ್ಲ ಸಂತೆ ತಪ್ಪಿಸಿದೆ. ಪುರಸಭೆಯ ನಿಯಮ ನಿನಗೂ ಗೊತ್ತು: ಪ್ರತಿ ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಪುರಸಭೆಯ ಪೇದೆ ಬೆರ್ತೋಲಾ ಸಮವಸ್ತ್ರ ಹಾಕಿಕೊಂಡು ಹೆಸರು ಕೂಗುತ್ತಾನೆ, ಬಾರದವರ ಜಾಗ ಆ ದಿನಕ್ಕೆ ಸರದಿಯಲ್ಲಿ ನಿಂತವರಿಗೆ ಹೋಗುತ್ತದೆ. ಮಾರ್ಚ್‌ನಿಂದ ಮಾರ್ಚ್‌ಗೆ ಮಿತಿ ಮೀರಿ ತಪ್ಪಿಸಿದರೆ ಜಾಗವೇ ಹೋಗುತ್ತದೆ. ಅಕ್ಟೋಬರ್‌ನಲ್ಲಿ ಬೆರ್ತೋಲಾ ನನ್ನನ್ನು ಪಕ್ಕಕ್ಕೆ ಕರೆದು, "ಡೆಲ್ಫಿನಾ, ನಿಮ್ಮ ಲೆಕ್ಕ ತುಂಬೋಯ್ತು. ಇನ್ನೊಂದು ಗುರುವಾರ ತಪ್ಸಿದ್ರೆ ನಂಗೂ ಏನೂ ಮಾಡಕ್ಕಾಗಲ್ಲ" ಎಂದ. ಸರದಿಯಲ್ಲಿ ಎಲ್ಲರಿಗಿಂತ ಮುಂದೆ ನಿಂತವಳು ಯಾರು? ನಿನ್ನ ತಂಗಿ, ಅವಳ ಚಪ್ಪಲಿ, ನಿಲುವಂಗಿಗಳ ಮೂಟೆಯ ಸಮೇತ. ಇಲ್ಲಿಂದ ಬಸ್ಸು ಎಂಟರ ಮೇಲೆ ಮುಟ್ಟುತ್ತದೆ. ಕಾರು ಓಡಿಸುವ ಪರವಾನಗಿ ನನಗಿಲ್ಲ. ಇಡೀ ಚಳಿಗಾಲ, ಎಲ್ಲ ಗುರುವಾರ, ಈ ತಿರುವುಗಳನ್ನು ಸ್ಕೂಟರಿನಲ್ಲೇ ಇಳಿಯಬೇಕಿತ್ತು.

ನಿನ್ನ ಅಂಗಡಿಗೆ ಬರುವ ಮಾತೇ ಇರಲಿಲ್ಲ. ಕೂನಿಯೊ ಪಟ್ಟಣಕ್ಕೆ ಬಸ್ಸು ಹತ್ತಿ ಹೋದೆ. ಅಲ್ಲಿ ಒಬ್ಬ ಹುಡುಗಿ, ಹೆಸರು ಎಲೀಡೆ, ಅಪ್ಪನ ಟಯರು ಅಂಗಡಿ ನಡೆಸುತ್ತಾಳೆ. ಕೂದಲಿಗೆ ನೀಲಿ ಬಣ್ಣ, ಉಗುರಿಗೆ ಮಸಿ. ಮೊದಲು ನಾನು ಮೊಳೆ ಇರುವ ಟಯರು ಕೇಳಿದೆ. ಅವಳು ನಕ್ಕುಬಿಟ್ಟಳು. "ಅಮ್ಮಾ, ಮಂಜುಗಡ್ಡೆ ಮೇಲೆ ಅದು ರಾಣಿ. ಆದ್ರೆ ಒಣಗಿರೋ ಕಲ್ಲು ಹಾಸಿನ ಮೇಲೆ ಬಂದ ತಕ್ಷಣ ಜಾರುತ್ತೆ. ನಿಮ್ಮ ಸಂತೆ ಚೌಕದಲ್ಲಿ ಇರೋದೇ ಕಲ್ಲು ಹಾಸು ಅಲ್ವಾ?" ಎಂದಳು. ಸರಿ, ಎಲ್ಲ ಕಾಲಕ್ಕೂ ಆಗುವಂಥದ್ದು ಇದೆಯಲ್ಲ ಎಂದೆ. ಅದು ಊರೊಳಗೆ ಮಳೆಯಲ್ಲಿ ಓಡಾಡುವವರಿಗೆ, ಬೆಟ್ಟ ಇಳಿಯುವವರಿಗಲ್ಲ ಎಂದಳು. ಇಷ್ಟು ನನಗೂ ನಿನ್ನ ಗಲ್ಲಾದಲ್ಲಿ ಕೂತು ಕೂತು ತಿಳಿದಿತ್ತು. ಆದರೂ ಇನ್ನೊಬ್ಬರ ಮಾತಿನ ಮೇಲೆ ಟಯರು ತಗೊಳ್ಳಬಾರದು ಎಂದು ಪಣ ತೊಟ್ಟಿದ್ದೆ.

ಅಂಗಡಿಯ ಹಿಂದೆ ಬಿಸಿ ಮಾಡದ ಒಂದು ಕೊಟ್ಟಿಗೆ. ಅಲ್ಲಿ ಬೇಸಿಗೆಯದು, ಚಳಿಗಾಲದ್ದು ಎಲ್ಲ ಒಟ್ಟಿಗೆ ತೂಗುಹಾಕಿದ್ದರು. ನವೆಂಬರ್ ಬೆಳಿಗ್ಗೆ, ಉಸಿರು ಹೊಗೆಯಾಗುವ ಚಳಿ. ನಾನು ಕೈಗವಸು ಕಳಚಿ ಒಂದೊಂದನ್ನೂ ಹೆಬ್ಬೆರಳಿನ ಉಗುರಿನಿಂದ ಒತ್ತುತ್ತ ಹೋದೆ. ಸತ್ತ ಎಲಾಸ್ಟಿಕ್ ಯಾವುದು, ಜೀವ ಇರುವುದು ಯಾವುದು ಎಂದು ಕತ್ತಲಲ್ಲೂ ಹೇಳುವ ಬೆರಳು ಇದು, ಅಮ್ಮ ಕಲಿಸಿದ್ದು. ಬೇಸಿಗೆಯ ರಬ್ಬರು ಚಳಿಗೆ ಊಟದ ತಟ್ಟೆಯ ಹಾಗೆ ಬಿಗಿದುಕೊಂಡಿತ್ತು, ಅದರ ಗೀರು ಎಷ್ಟು ಆಳವಿದ್ದರೇನು! ಚಳಿಗಾಲದ್ದು ಉಗುರಿಗೆ ಒಳಗೆ ಹೋಗಿ ಮೆಲ್ಲಗೆ ಮರಳಿತು. ಅದರ ಮೈತುಂಬ ಬ್ಲೇಡಿನಿಂದ ಕೊಯ್ದ ಹಾಗೆ ಸಣ್ಣ ಸಣ್ಣ ಸೀಳುಗಳು, ಪಕ್ಕದಲ್ಲಿ ನಿಜವಾದ ಹಿಮದ ಟಯರು ಎನ್ನುವ ಬೆಟ್ಟ ಮತ್ತು ಹಿಮದ ಹೂವಿನ ಗುರುತು. ಇದೇ ಸಾಕು, ಎರಡೂ ಚಕ್ರಕ್ಕೆ ಕೊಡು ಎಂದೆ.

ಮುಂದಿನ ಚಕ್ರದ ಅಳತೆಯದು ಇರಲಿಲ್ಲ. ಹಿಂದಿನದು ಈಗ ತಗೊಂಡು ಹೋಗಿ, ಮುಂದಿನದು ಬಂದಾಗ ಕರೀತೀನಿ ಎಂದಳು ಆ ಹುಡುಗಿ, ಪಾಪ ಒಳ್ಳೆಯ ಮನಸ್ಸಿನಿಂದಲೇ. ನನಗೆ ಮಣಿಕಟ್ಟು ಜುಮ್ಮೆಂದಿತು. ಹಾಕಿದರೆ ಎರಡೂ, ಇಲ್ಲದಿದ್ದರೆ ಯಾವುದೂ ಬೇಡ ಎಂದು ಬರಿಗೈಯಲ್ಲಿ ಬಂದೆ. ಮೊದಲ ಹಿಮಕ್ಕೆ ಮುಂಚೆ ಬಂತು, ನನ್ನ ಪುಣ್ಯ. ಸ್ಕೂಟರನ್ನೇ ಅಲ್ಲಿಗೆ ಓಡಿಸಿಕೊಂಡು ಹೋದೆ. ಎಲೀಡೆ ಟಯರಿನ ಮೇಲಿನ ಬಾಣದ ಗುರುತು ನೋಡಿ ತಿರುಗುವ ದಿಕ್ಕಿಗೇ ಕೂರಿಸಿಕೊಟ್ಟಳು, ಹೊಸ ಟಯರಿನ ಮೇಲೆ ಜಿಡ್ಡು ಇರುತ್ತದೆ, ಒಣ ರಸ್ತೆಯಲ್ಲಿ ಸವೆಸಿಕೊಳ್ಳಿ ಎಂದಳು. ದಿನಾ ಮಧ್ಯಾಹ್ನ ಬಿಸಿಲಿರುವಾಗ ಮೇಲಕ್ಕೂ ಕೆಳಕ್ಕೂ ಓಡಿಸಿದೆ. ಚಿಕ್ಕಮ್ಮ ಕಿಟಕಿಯಲ್ಲೇ ಕೂತು ಲೆಕ್ಕ ಹಾಕುತ್ತಿದ್ದಳು. ಕೊನೆಗೆ ಒಂದು ದಿನ ಜೋಳದ ಹಿಟ್ಟಿನ ಪೊಲೆಂಟಾ ತೊಳಸುತ್ತ, "ಯಾರೇ ಅವನು? ಮದುವೆ ಆಗಿದ್ಯಾ? ಏನಾದ್ರೂ ಮಾಡ್ಕೋ, ಊಟದ ಹೊತ್ತಿಗೆ ಮಾತ್ರ ಮನೇಲಿರು" ಎಂದಳು. ಟಯರು ಸವೆಸುತ್ತಿದ್ದೇನೆ ಎಂದರೆ ನಂಬಲೇ ಇಲ್ಲ.

ಇನ್ನು ಗುರುವಾರದ ವಿಷಯ. ವರ್ಷದಲ್ಲೇ ಅತಿ ಚಳಿ ಎಂದು ಅಜ್ಜಿಯರು ಹೇಳುವ, ಜನವರಿ ಕೊನೆಯ ಆ ಮೂರು ದಿನಗಳಲ್ಲಿ ಮೊದಲನೆಯದು. ಬೆಳಿಗ್ಗೆ ಬಾಗಿಲು ತೆರೆದರೆ ಮೊಣಕಾಲಿನ ತನಕ ಹಿಮ. ಹಿಮ ತಳ್ಳುವ ಗಾಡಿ ಒಮ್ಮೆ ಹೋಗಿ ಬಂದಿತ್ತು, ರಸ್ತೆಯ ಮೇಲೆ ತೆಳ್ಳಗೆ ಗಟ್ಟಿ ಬಿಳಿ ಪದರ ಉಳಿದಿತ್ತು. ಚಿಕ್ಕಮ್ಮ ಶಿಲುಬೆ ಗುರುತು ಹಾಕಿದಳು, ಆಮೇಲೆ ಬೈದಳು, ಆಮೇಲೆ ನನ್ನ ಕೋಟಿನೊಳಗೆ ಎದೆಗೆ ವೃತ್ತಪತ್ರಿಕೆ ತುರುಕಿದಳು. ನನಗೆ ಭಯವಿತ್ತು, ಸುಳ್ಳು ಯಾಕೆ ಹೇಳಲಿ. ಕೈ ವಾಸಿಯಾಗಿದ್ದರೂ ಮುರಿದ ನೆನಪು ಅದರೊಳಗೇ ಇತ್ತು. ಆದರೆ ಮರಿಲೇನಾ ಅಮ್ಮನ ಕಂಬಕ್ಕೆ ನಿಲುವಂಗಿ ನೇತುಹಾಕುವುದನ್ನು ನೆನೆಸಿಕೊಂಡೆ, ಭಯ ಎಲ್ಲಿಗೋ ಹೋಯಿತು.

ಓಡಿಸಿದೆ, ಒರೆಸ್ತೆ! ಕಾಲು ಕೆಳಗೆ ಇಳಿಬಿಡಲಿಲ್ಲ, ಸೆಟೆದುಕೊಳ್ಳಲಿಲ್ಲ, ಆತುರ ಪಡಲಿಲ್ಲ. ಸ್ಕೂಟರಿನ ಕೆಳಗೆ ಹಿಮ ಕರುಕ್ ಕರುಕ್ ಎನ್ನುತ್ತಿತ್ತು. ಒಂದೊಂದು ತಿರುವೂ ಕಳೆದ ಹಾಗೆ ನನ್ನ ಬೆನ್ನು ನೇರವಾಯಿತು. ಪುಟ್ಟ ಗುಡಿಯ ತಿರುವಿನಲ್ಲಿ, ನನ್ನನ್ನು ಕೆಡವಿದ ಅದೇ ತಿರುವಿನಲ್ಲಿ, ಪರೀಕ್ಷೆ ಮಾಡಿಯೇ ಬಿಡೋಣ ಎಂದು ಮುಂದಿನ ಬ್ರೇಕು ಹಿಡಿದೆ. ಹೌದು, ಮುಂದಿನದು, ಹೆಂಗಸರು ಹಿಡಿಯಬಾರದ್ದು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಸ್ಕೂಟರ್ ಒಂದಿಷ್ಟು ಮೂಗು ತಗ್ಗಿಸಿ ನೆಟ್ಟಗೆ ನಿಂತಿತು. ಗುಡಿಯ ಮಾತೆಗೆ ಕೇಳುವ ಹಾಗೆ ಗಟ್ಟಿಯಾಗಿ ಕೂಗಿಕೊಂಡೆ, ಏನು ಕೂಗಿದೆ ಎಂದು ಬರೆಯುವ ಹಾಗಿಲ್ಲ. ಸೇತುವೆಯ ಹತ್ತಿರ ಸ್ವಲ್ಪ ಹೊತ್ತು ಹಾಳಾಯಿತು, ಆದರೂ ಬಂದೆ.

ಚೌಕಕ್ಕೆ ಮುಟ್ಟಿದಾಗ ಗಂಟೆ ಹೊಡೆಯುತ್ತಿತ್ತು. ಅರ್ಧ ಸಂತೆ ಖಾಲಿ. ನನ್ನ ಕಂಬದ ಕೆಳಗೆ ಮರಿಲೇನಾಳ ಮಡಿಸುವ ಮೇಜಿನ ಎರಡು ಕಾಲು ಆಗಲೇ ಬಿಡಿಸಿ ಊರಿಯಾಗಿತ್ತು. ಬೆರ್ತೋಲಾ ನನ್ನ ಹೆಸರು ಒಮ್ಮೆ ಕೂಗಿ, ಇನ್ನೊಮ್ಮೆ ಕೂಗಲು ಬಾಯಿ ತೆರೆದಿದ್ದ. "ಇದ್ದೀನಿ!" ಎಂದು ನಾನು ಹೆಲ್ಮೆಟ್ಟಿನೊಳಗಿಂದಲೇ ಕಿರುಚಿದೆ. ಚೌಕವೆಲ್ಲ ತಿರುಗಿ ನೋಡಿತು. ಮರಿಲೇನಾ ಮೂಗು ಮುರಿದು, "ಯಾರ ವ್ಯಾನಲ್ಲಿ ಬಂದ್ರಿ ಅತ್ತಿಗೆ? ಸ್ಕೂಟರ್ನ ಮೂಲೇಲಿ ಇಳಿಸ್ಕೊಂಡ್ರಾ?" ಎಂದಳು. ನಾನು ಹೆಲ್ಮೆಟ್ ಕಳಚಿದೆ. ಸ್ಕೂಟರಿನ ಹಿಂದೆ ಹಿಮದಲ್ಲಿ ಸೇತುವೆಯ ತನಕ ಒಂದೇ ಗೆರೆ ಇತ್ತು, ಬೆರ್ತೋಲಾ ಅದನ್ನೇ ನೋಡಿ ಟೋಪಿ ತೆಗೆದ. "ಮೇಜು ಎತ್ತಮ್ಮ ಮರಿಲೇನಾ" ಎಂದ, ಅಷ್ಟೇ.

ಆಮೇಲಿನದು ಹಬ್ಬ. ಮೀನಿನವನು ಬಂದು ಮುಂದಿನ ಟಯರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದ, ಚೀಸಿನವಳು ಒತ್ತಿದಳು, ಪಾದ್ರಿಯವರೂ ಬಗ್ಗಿ ಒತ್ತಿದರು. "ಮುಂದಕ್ಕೂ ಹಾಕ್ಸಿದ್ದೀರಾ?" ಎಂದು ಕೇಳಿದವರಿಗೆಲ್ಲ ಮುಂದಕ್ಕೂ ಹಾಕಿಸಿದ್ದೇನೆ ಎಂದು ಹೇಳಿ ಹೇಳಿ ಗಂಟಲು ಕಟ್ಟಿತು. ಚಳಿಗೆಂದು ಮಾರಲು ತಂದಿದ್ದ ಉಣ್ಣೆಯ ಕಾಲುಚೀಲ ಒಂದೂ ಉಳಿಯಲಿಲ್ಲ. ಬಾರಿನಲ್ಲಿ ನನಗೆ ಗ್ರಾಪ್ಪಾ ಸಾರಾಯಿ ಹಾಕಿದ ಕಾಫಿ ಕೊಟ್ಟು ಕಾಸು ತಗೊಳ್ಳಲಿಲ್ಲ. ನೀನು ನಿಲ್ಲುವ ಜಾಗದಲ್ಲೇ ನಿಂತು ಕುಡಿದೆ.

ನಿನ್ನ ಅಂಗಡಿಯ ಬಾಗಿಲು ಮಾತ್ರ ಹಾಕಿತ್ತು. ಹಿಮ ಬಿದ್ದ ದಿನ ಟಯರು ಅಂಗಡಿ ಮುಚ್ಚಿದ್ದನ್ನು ಈ ಊರು ಯಾವತ್ತೂ ಕಂಡಿಲ್ಲ. ಬೆಳಿಗ್ಗೆ ಮೇಲಿನ ಊರಿನ ಯಾರಿಗೋ ಟಯರು ಕೊಡಲು ಹೋಗಿ ನಿನ್ನ ವ್ಯಾನು ಸಿಕ್ಕಿಹಾಕಿಕೊಂಡಿತಂತೆ, ಹಿಮ ತಳ್ಳುವ ಗಾಡಿಯ ಗ್ವಿದೊ ಅದೃಷ್ಟಕ್ಕೆ ಆ ದಾರಿಯಲ್ಲೇ ಬಂದು ಎಳೆದನಂತೆ. ಮರಿಲೇನಾ ಹೇಳಿದ್ದು. ನಾನು ಹೌದಾ, ಪಾಪ ಎಂದೆ.

ನನಗೆ ನಿನ್ನಿಂದ ಒಂದೇ ಬೇಕು. ಬಾರಿಗೆ ಹೋಗು. ಅಂದು ಹೇಳಿದಷ್ಟೇ ಗಟ್ಟಿಯಾಗಿ, ಅಂದು ಇದ್ದವರ ಮುಂದೆಯೇ, ತಪ್ಪು ಬ್ರೇಕಿನದಲ್ಲ, ಟಯರಿನದು ಎಂದು ಹೇಳು. ಹೇಳಿದರೆ ನನ್ನ ಕಿವಿಗೆ ಬಂದೇ ಬರುತ್ತದೆ, ಈ ಕಣಿವೆಯಲ್ಲಿ ಏನು ತಾನೇ ಬರುವುದಿಲ್ಲ.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಡೆಲ್ಫಿನಾ

ಮರೆತಿದ್ದೆ: ಗುಡಿಯ ತಿರುವಿನಲ್ಲಿ ಪರೀಕ್ಷೆಗೆ ಬ್ರೇಕು ಹಿಡಿದೆ ಎಂದೆನಲ್ಲ, ಅದು ಸುಳ್ಳು. ತಿರುವು ಹೊರಳಿದರೆ ರಸ್ತೆಗೆ ಅಡ್ಡಲಾಗಿ ನಿನ್ನ ವ್ಯಾನು ನಿಂತಿತ್ತು, ಅದರಡಿಯಿಂದ ನಿನ್ನ ಬೂಟುಗಳು ಆಚೆ ಚಾಚಿದ್ದವು. ನೀನು ಚಕ್ರಕ್ಕೆ ಸುತ್ತುವ ಹಿಮದ ಸರಪಳಿಯ ಜೊತೆ ಗುದ್ದಾಡುತ್ತ ಬೈದುಕೊಳ್ಳುತ್ತಿದ್ದೆ. ನಿನ್ನ ಬೂಟಿನಿಂದ ಒಂದು ಮೊಳ ದೂರದಲ್ಲಿ ನಿಂತೆ. ಹಳೆಯ ಟಯರಾಗಿದ್ದರೆ ಇಂದು ಈ ಕಾಗದ ಯಾರು ಯಾರಿಗೆ ಬರೆಯುತ್ತಿದ್ದರೋ. ಮಾತಾಡಿದ್ದರೆ ಅತ್ತುಬಿಡುತ್ತಿದ್ದೆ, ಸಂತೆಗೂ ಹೊತ್ತಾಗುತ್ತಿತ್ತು. ನೀನು ತಲೆ ಹೊರಗೆ ಹಾಕುವ ಮುಂಚೆ ಅಂಚಿನಲ್ಲಿ ನುಸುಳಿ ಹೋದೆ. ಹೋಗುವಾಗ ನೋಡಿದೆ: ವ್ಯಾನಿನ ಬಾಗಿಲು ತೆರೆದಿತ್ತು, ಸೀಟಿನ ಮೇಲೆ ನಮ್ಮ ಮನೆಯ ಚೌಕಳಿ ಕಂಬಳಿ, ಕಾಫಿ ಫ್ಲಾಸ್ಕು. ಟಯರು ಒಂದೂ ಇರಲಿಲ್ಲ. ಯಾರನ್ನು ಸಂತೆಗೆ ಮುಟ್ಟಿಸಲು ಆ ಹಿಮದಲ್ಲಿ ನೀನು ಹತ್ತಿ ಬರುತ್ತಿದ್ದೆ ಎಂದು ಗೊತ್ತಾಗದಷ್ಟು ದಡ್ಡಿ ನಾನಲ್ಲ. ಸೇತುವೆಯಲ್ಲಿ ಗ್ವಿದೊನನ್ನು ತಡೆದು ನಿನ್ನ ಕಡೆ ಅಟ್ಟಿದವಳು ನಾನೇ, ಅದೃಷ್ಟವಲ್ಲ. ಮುಂದಿನ ವಾರ ಬಾರಿನಲ್ಲಿ ಹೇಳುವುದನ್ನು ಹೇಳಿ ಮುಗಿಸಿ, ಭಾನುವಾರ ಊಟಕ್ಕೆ ಬಾ. ವ್ಯಾನು ತರಬೇಡ. ಸೇತುವೆಯ ಹತ್ತಿರ ಹೆಲ್ಮೆಟ್ ಹಿಡಿದು ನಿಂತಿರು, ನಾನು ಇಳಿದು ಬಂದು ಹಿಂದೆ ಕೂರಿಸಿಕೊಂಡು ಹತ್ತುತ್ತೇನೆ. ಗಟ್ಟಿಯಾಗಿ ಹಿಡಿದುಕೋ, ತಿರುವಿನಲ್ಲಿ ಮಾತಾಡಬೇಡ.