ಹಿಂಬದಿ ಜಗಲಿಯ ಅವಲಕ್ಕಿ

ಉಪ್ಪಳ
೨೬ ಮಾರ್ಚ್ ೧೯೪೪, ಆದಿತ್ಯವಾರ

ಪ್ರೀತಿಯ ತಂಗಿ ಅಪ್ಪಿಗೆ,

ನಿನ್ನ ಅಣ್ಣ ಪೂವಪ್ಪನ ಆಶೀರ್ವಾದಗಳು. ನಿನ್ನ ಸೊಂಟದ ನೋವು ಹೇಗುಂಟು? ಬೊಂಬಾಯಿಯ ಮೆಟ್ಟಿಲು ಹತ್ತಿ ಇಳಿದು ಆದದ್ದು ಅದು, ಎಣ್ಣೆ ಕಾಯಿಸಿ ಹಚ್ಚು. ಭಾವನಿಗೆ ಹೋಟೆಲಿನಲ್ಲಿ ಒಲೆಯ ಮುಂದಿನ ಕೆಲಸ ತಪ್ಪಿ ಗಲ್ಲೆಯಲ್ಲಿ ದುಡ್ಡು ಎಣಿಸುವ ಕೆಲಸ ಸಿಕ್ಕಿತೋ ಇಲ್ಲವೋ ಬರೆಯಲಿ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಒಂದೇ ಸಾಲಿನಲ್ಲಿ ಬರೆಯಲು ಪೆನ್ನು ಎತ್ತಿ ಮತ್ತೆ ಇಳಿಸಿದೆ. ಬಿಡಿಸಿ ಬರೆಯುತ್ತೇನೆ. ನಿನ್ನ ಅತ್ತಿಗೆ ಕ್ಷೇಮ. ಎಮ್ಮೆ ಕ್ಷೇಮ. ಅಂಗಡಿ ಕ್ಷೇಮ. ನಿನ್ನ ಮಗಳು ಅಮ್ಮು ಊಟ ಮಾಡುತ್ತಾಳೆ, ನಿದ್ರೆ ಮಾಡುತ್ತಾಳೆ, ಎಡಗೈಯ ಕಟ್ಟನ್ನು ಅತ್ತಿಗೆ ದಿನಕ್ಕೊಮ್ಮೆ ಬದಲಿಸುತ್ತಾಳೆ. ಮೂರು ಬೆರಳು ನೆಟ್ಟಗಾಗುತ್ತವೆ, ಎರಡರ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಾನು ಕಳಿಸಿದ ತಂತಿಯಲ್ಲಿ ‘ಶಾಲೆಗೆ ಬೆಂಕಿ, ಅಮ್ಮು ಕ್ಷೇಮ’ ಎಂದಷ್ಟೇ ಇತ್ತಲ್ಲ, ತಂತಿಯಲ್ಲಿ ಶಬ್ದಕ್ಕೆ ದುಡ್ಡು. ಕೈಯ ಸುದ್ದಿಯನ್ನು ಕಾಗದಕ್ಕೆ ಉಳಿಸಿದೆ. ಭಾವ ಇದನ್ನು ನಿನಗೆ ಓದಿ ಹೇಳುವಾಗ ನಡುವೆ ನಿಲ್ಲಿಸಬಾರದು, ಕೊನೆಯವರೆಗೂ ಓದಬೇಕು.

ನಿನಗೆ ಗೊತ್ತಲ್ಲ, ನನಗೆ ಎಂತ ಆದರೂ ಮೊದಲು ಖರ್ಚು ಕೂಡಿಸಿ ನೋಡುವ ಅಭ್ಯಾಸ. ಇದನ್ನೂ ಕೂಡಿಸಿದೆ. ಮರಳು ತುಂಬಿಸಿಡುವ ಬಕೆಟ್ಟು ಎಂಟು, ಅದರಲ್ಲಿ ತಳ ಇದ್ದದ್ದು ಆರಕ್ಕೆ. ಏಣಿ ಒಂದು. ಗಂಟೆಗೆಂದು ರೈಲು ಕಂಬಿಯ ತುಂಡು ಒಂದೂವರೆ ಮೊಳ. ಎರಡು ವರ್ಷದಲ್ಲಿ, ಮೊದಲನೆಯದನ್ನು ಬಿಟ್ಟು, ಇಪ್ಪತ್ತೆರಡು ಡ್ರಿಲ್ಲು, ಡ್ರಿಲ್ಲಿಗೆ ಮೂರು ಸೇರಿನಂತೆ ಅರುವತ್ತಾರು ಸೇರು ಅವಲಕ್ಕಿ, ಅದಕ್ಕೆ ತಕ್ಕ ಬೆಲ್ಲ. ಶಾಲೆಯ ಮಾಡಿಗೆ ಹೊದೆಸಿದ ತೆಂಗಿನ ಮಡಲು ನಾಲ್ಕು ಸಾವಿರ. ಬೆಂಚು, ಬೋರ್ಡು, ಒಂದು ಭೂಪಟ. ಒಬ್ಬರು ಟೀಚರು. ಟೀಚರ ಎದುರು ಯಾವ ಅಂಕಿ ಹಾಕುವುದೆಂದು ತಿಳಿಯದೆ ಆ ಜಾಗ ಖಾಲಿ ಬಿಟ್ಟಿದ್ದೇನೆ, ಹಾಗಾಗಿ ಕೆಳಗೆ ಮೊತ್ತ ಬರೆಯಲಾಗಲಿಲ್ಲ.

ಬೊಂಬಾಯಿಯಲ್ಲಿ ಬಾಂಬು ಬೀಳುತ್ತದೆ ಎಂದು ಹೆದರಿ ನಲ್ವತ್ತೆರಡರಲ್ಲಿ ನೀನು ಅಮ್ಮುವನ್ನು ಇಲ್ಲಿಗೆ ಕಳಿಸಿದೆ. ಅದೇ ಬೇಸಿಗೆಯಲ್ಲಿ, ಕಡಲ ಬದಿಯ ಶಾಲೆಗಳಲ್ಲಿ ವಿಮಾನ ದಾಳಿಗೂ ಬೆಂಕಿಗೂ ತಿಂಗಳಿಗೊಮ್ಮೆ ಡ್ರಿಲ್ಲು ಮಾಡಿಸಬೇಕು ಎಂದು ಶಿರಿಯದ ನಮ್ಮ ಶಾಲೆಗೂ ಸುತ್ತೋಲೆ ಬಂತು. ಶಾಲೆಯ ಮ್ಯಾನೇಜರು ನಾನು. ಚೀಲ ಹೊತ್ತು ಅಂಗಡಿ ಮಾಡಿದವನು, ಅಂಗಡಿಯ ಲಾಭದಲ್ಲಿ ಶಾಲೆ ಮಾಡಿದವನು. ಸುತ್ತೋಲೆಯನ್ನು ಹೆಡ್‌ಮಾಷ್ಟ್ರು ಚೆನ್ನಪ್ಪನವರು ಎರಡು ಸಲ ಓದಿ ಹೇಳಿದರು. ಗಂಟೆ ಹೊಡೆದ ಕೂಡಲೇ ಮಕ್ಕಳು ಪುಸ್ತಕ ಬಿಟ್ಟು ಎದುರಿನ ಅಂಗಳಕ್ಕೆ ಬಂದು, ಕ್ಲಾಸು ಕ್ಲಾಸಾಗಿ ಸಾಲು ನಿಲ್ಲಬೇಕು, ಹೆಸರು ಕರೆಯಬೇಕು. ಮೊದಲ ಸಲ ಇನ್ಸ್‌ಪೆಕ್ಟರರ ಎದುರಿಗೇ ಮಾಡಿಸಿದೆವು. ಗಂಟೆ ಎಂದರೆ ಮನೆಗೆ ಎಂದು ತಿಳಿದು ಅರ್ಧ ಶಾಲೆ ಹೊಳೆಯ ಕಡೆಗೆ ಓಡಿತು. ಒಬ್ಬ ಗೇರುಮರ ಹತ್ತಿ ಕುಳಿತು, ವಿಮಾನ ಕಾಣುತ್ತದಾ ಎಂದು ನೋಡುತ್ತಿದ್ದ. ಇನ್ಸ್‌ಪೆಕ್ಟರರು ‘ಅತೃಪ್ತಿಕರ’ ಎಂದು ಬರೆದು ಹೋದರು. ಸರಕಾರದ ಗ್ರಾಂಟು ನಿಂತರೆ ತನ್ನ ಸಂಬಳ ಎಲ್ಲಿಂದ ಎಂದು ಚೆನ್ನಪ್ಪ ಮಾಷ್ಟ್ರು ಎರಡು ದಿನ ಊಟ ಬಿಟ್ಟರು.

ಆಗ ಉಪಾಯ ಹೇಳಿದ್ದು ನಾನೇ. ‘ಅಂಗಡಿಯಲ್ಲಿ ಸಾಮಾನು ಇಲ್ಲದೆ ಗಿರಾಕಿ ಬರುತ್ತಾನಾ ಮಾಷ್ಟ್ರೇ? ಸಾಲು ನಿಂತವರಿಗೆ ಒಂದೊಂದು ಹಿಡಿ ಅವಲಕ್ಕಿ-ಬೆಲ್ಲ ಕೊಡುವ’ ಎಂದೆ. ಆಗಿನ ಕಾಲ ನಿನಗೆ ಗೊತ್ತುಂಟು, ಈಗಲೂ ಹಾಗೇ ಉಂಟು. ರೇಷನ್ನಿನ ಅಕ್ಕಿ ವಾರದ ನಾಲ್ಕು ದಿನಕ್ಕೆ ಸಾಕು, ಉಳಿದ ದಿನ ಗೆಣಸು. ಮೀನು ಹಿಡಿಯುವವರ ಮಕ್ಕಳು, ಶೇಂದಿ ಇಳಿಸುವವರ ಮಕ್ಕಳು, ಬೆಳಿಗ್ಗೆ ತಿಳಿಗಂಜಿ ಕುಡಿದು ಬಂದವರು. ಅವಲಕ್ಕಿಯನ್ನು ಎದುರಿನ ಅಂಗಳದಲ್ಲಿ ಹಂಚಬಾರದು ಎಂದೂ ನಾನೇ ಹೇಳಿದೆ, ಯಾಕೆಂದರೆ ಎದುರಿಗೆ ರಸ್ತೆ, ರಸ್ತೆಯಲ್ಲಿ ಹೋಗುವ ನೂರು ಜನರಲ್ಲಿ ಹತ್ತು ಜನ, ಪೂವಪ್ಪನಿಗೆ ಇಷ್ಟು ಭತ್ತ ಎಲ್ಲಿಂದ ಎಂದು ಕೇಳುವವರು. ಹಿಂಬದಿಯ ಜಗಲಿಯಲ್ಲಿ ಹಂಚುವುದೆಂದಾಯಿತು. ಗಂಟೆ ಹೊಡೆಯುವುದು, ಎದುರಿಗೆ ಸಾಲು, ಹೆಸರು, ಆಮೇಲೆ ಸುತ್ತು ಬಳಸಿ ಹಿಂದಕ್ಕೆ ಓಡಿ ಕೈ ಒಡ್ಡುವುದು. ಎರಡನೇ ಡ್ರಿಲ್ಲಿಗೇ ಇನ್ಸ್‌ಪೆಕ್ಟರರು ‘ಉತ್ತಮ’ ಎಂದು ಬರೆದರು. ಅವರಿಗೂ ಒಂದು ಹಿಡಿ ಕೊಟ್ಟೆವು.

ಬೇಡ ಎಂದವರು ಒಬ್ಬರೇ, ಒಂದನೇ ಕ್ಲಾಸಿನ ಸತ್ಯವತಿ ಟೀಚರು. ಹೊಸಂಗಡಿಯಿಂದ ದಿನಾ ಬರುತ್ತಿದ್ದರು, ಮನೆಯಲ್ಲಿ ತಾಯಿ ಸುಬ್ಬಲಕ್ಷ್ಮಿಯಮ್ಮ ಮಾತ್ರ. ‘ನಾವು ಮಕ್ಕಳಿಗೆ ಹೊರಗೆ ನಿಲ್ಲುವುದನ್ನು ಕಲಿಸುವುದಾ, ಹಿಂದೆ ಓಡುವುದನ್ನು ಕಲಿಸುವುದಾ ಧಣಿಗಳೇ?’ ಎಂದು ಕೇಳಿದರು. ‘ಹೊಟ್ಟೆಯಿಂದ ಕಲಿತದ್ದು ಮರೆಯುವುದಿಲ್ಲ ಟೀಚರೇ’ ಎಂದೆ. ಎಲ್ಲರೂ ನಗಾಡಿದರು. ಅವರೂ ಸ್ವಲ್ಪ ನಗಾಡಿದ ನೆನಪು. ನನ್ನ ಮಾತಿಗೆ ಜನ ನಗಾಡಿದರೆ ಅಲ್ಲಿಗೆ ವ್ಯಾಪಾರ ಮುಗಿಯಿತು ಎಂದು ತಿಳಿದವನು ನಾನು.

ಮಾರ್ಚ್ ಎಂಟು, ಬುಧವಾರ. ಶಾಲೆಯ ಹಿಂದಿನ ಗದ್ದೆಯ ಬೇಸಾಯಗಾರ ಉಗ್ಗಪ್ಪ ಅಲ್ಲಿ ಸುಡುಮಣ್ಣು ಹಾಕಿದ್ದ. ಒಣಸೊಪ್ಪಿನ ಮೇಲೆ ಮಣ್ಣು ಮುಚ್ಚಿ ಗೊಬ್ಬರಕ್ಕೆಂದು ಬೆಂಕಿ ಕೊಡುವುದು ಪ್ರತಿ ಬೇಸಿಗೆಯಲ್ಲಿ ಇದ್ದದ್ದೇ, ಅವನನ್ನು ಬೈದು ಪ್ರಯೋಜನ ಇಲ್ಲ. ಹನ್ನೊಂದು ಗಂಟೆಗೆ ಕಡಲಗಾಳಿ ಎದ್ದಿತು. ಕಿಡಿ ಹಾರಿ ಹಿಂಬದಿ ಜಗಲಿಯ ಮಾಡಿಗೆ ಬಿತ್ತು. ಚೆನ್ನಪ್ಪ ಮಾಷ್ಟ್ರು ನೋಡಿ ಗಂಟೆ ಹೊಡೆದರು. ಇನ್ನು ಮುಂದಿನದನ್ನು ಸರಿಯಾಗಿ ಕೇಳು ಅಪ್ಪಿ, ಟೀಚರ ಬಗ್ಗೆ ನೀನು ಬರೆಸಿದ ಮಾತಿಗೆ ಉತ್ತರ ಇಲ್ಲೇ ಉಂಟು. ಮಕ್ಕಳು ಒಬ್ಬರನ್ನೊಬ್ಬರು ನೂಕದೆ ಹೊರಗೆ ಬಂದರು. ಸಾಲು ನಿಂತರು. ಹೆಸರು ಕರೆದರು, ಅರುವತ್ತೊಂದಕ್ಕೆ ಅರುವತ್ತೊಂದು. ಒಳಗೆ ಒಂದು ನರಪಿಳ್ಳೆ ಇಲ್ಲ. ಎಲ್ಲ ಸೇರಿ ಎರಡು ನಿಮಿಷವೂ ಆಗಲಿಲ್ಲವಂತೆ. ಮಾಷ್ಟ್ರು ಹಾಜರಿ ಪುಸ್ತಕ ಮಡಚಿದರು. ಅವರು ಪುಸ್ತಕ ಮಡಚಿದರೆ ಡ್ರಿಲ್ಲಿನ ಮೊದಲ ಭಾಗ ಮುಗಿಯಿತು ಎಂದು ಇಪ್ಪತ್ತೆರಡು ಸಲ ಕಲಿತಿದ್ದ ಮಕ್ಕಳು, ಚಿಕ್ಕವರು ಮುಂದಾಗಿ, ಸುತ್ತು ಬಳಸಿ ಹಿಂಬದಿ ಜಗಲಿಗೆ ಓಡಿದರು.

ಅಂದು ಅಲ್ಲಿ ಅವಲಕ್ಕಿಯೂ ಇರಲಿಲ್ಲ. ಡ್ರಿಲ್ಲಿನ ದಿನ ಮಾತ್ರ ಅಂಗಡಿಯಿಂದ ಕಳಿಸುತ್ತಿದ್ದೆ.

ಹಿಂದೆ ಓಡಿದವರು ಹದಿನೇಳು ಮಂದಿ. ಸತ್ಯವತಿ ಟೀಚರು ಅವರ ಹಿಂದೆ ಓಡಿ, ಜಗಲಿಯಿಂದ ಒಬ್ಬೊಬ್ಬರನ್ನೇ ಎತ್ತಿ ಪಾಗಾರದ ಗೋಡೆಯ ಆಚೆಗೆ ಎಸೆದರು. ಎಸೆದದ್ದು ನಿಜ, ಮಕ್ಕಳ ಮೊಣಕಾಲು ತರಚಿದ್ದನ್ನು ನಾನು ನೋಡಿದ್ದೇನೆ. ಎಲ್ಲರಿಗಿಂತ ಮುಂದೆ ಹೋದವಳು, ಹಾಗಾಗಿ ಕೊನೆಗೆ ಸಿಕ್ಕಿದವಳು ನಮ್ಮ ಅಮ್ಮು, ಅಷ್ಟರಲ್ಲಿ ಉರಿಯುವ ಮಡಲು ಅವಳ ಎಡಗೈ ಮೇಲೆ ಬಿದ್ದಾಗಿತ್ತು. ಅವಳನ್ನು ಎಸೆದ ಮೇಲೆ ಮಾಡು ಟೀಚರ ಮೇಲೆ ಬಿತ್ತು. ಹೊಗೆ ಕಂಡು ನಾನು ಉಪ್ಪಳದಿಂದ ಹೋಗಿ ಮುಟ್ಟುವಾಗ ಮಕ್ಕಳು ಮತ್ತೆ ಸಾಲು ನಿಂತಿದ್ದರು, ಮಾಷ್ಟ್ರು ಮತ್ತೆ ಹೆಸರು ಕರೆಯುತ್ತಿದ್ದರು. ಟೀಚರನ್ನು ಬೆಂಚಿನ ಮೇಲೆ ಮಲಗಿಸಿ ಸ್ಟೇಷನ್ನಿಗೆ ತಂದು ಮಂಗಳೂರಿನ ಗಾಡಿಗೆ ಹಾಕಿದೆವು. ಅವರು ಗಾಡಿಯಲ್ಲಿ ಕೇಳಿದ್ದು ಒಂದೇ ಮಾತು: ‘ಲೆಕ್ಕ ಸರಿ ಉಂಟಾ ಧಣಿಗಳೇ?’ ಸರಿ ಉಂಟು ಎಂದೆ. ಶನಿವಾರ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜಕ್ಕೆ ಎರಡು ಮುಡಿ ಅಕ್ಕಿ ಕಳಿಸಿದೆ. ಸುಬ್ಬಲಕ್ಷ್ಮಿಯಮ್ಮ ಅಳತೆ ಮಾಡಿ, ಹೆಚ್ಚಾದದ್ದನ್ನು ವಾಪಸು ಕಳಿಸಿದರು. ನನಗೆ ಅಳು ಬರುವುದಿಲ್ಲ. ಅಂಗಡಿ ತೆರೆಯುತ್ತೇನೆ, ತೂಗುತ್ತೇನೆ, ಮುಚ್ಚುತ್ತೇನೆ. ನಿನ್ನೆ ಒಬ್ಬರಿಗೆ ಉಪ್ಪಿನ ಬದಲು ಸಕ್ಕರೆ ತೂಗಿ, ಉಪ್ಪಿನ ಕ್ರಯ ತೆಗೆದುಕೊಂಡೆ. ಅವರೂ ಪೊಟ್ಟಣ ಹಿಡಿದು ಬೇಗ ಬೇಗ ಹೋದರು.

‘ಟೀಚರು ಸಾಲು ಬಿಟ್ಟು ಓಡಿದ್ದರಿಂದ ಮಕ್ಕಳೂ ಓಡಿದರಂತೆ, ಅಂಥವರ ಕೈಗೆ ಮಗಳನ್ನು ಕೊಟ್ಟೆವಲ್ಲ’ ಎಂದು ನೀನು ಬರೆಸಿದ್ದಿ. ಬೊಂಬಾಯಿಗೆ ಆ ಸುದ್ದಿ ಹೇಗೆ ಮುಟ್ಟಿತೋ ಗೊತ್ತಿಲ್ಲ, ಇಲ್ಲಿನ ವರದಿಯಲ್ಲೂ ಹಾಗೇ ಉಂಟು. ಇನ್ಸ್‌ಪೆಕ್ಟರರು ಬಂದು ಎರಡು ದಿನ ವಿಚಾರಣೆ ಮಾಡಿದರು. ಡ್ರಿಲ್ಲು ನಿಯಮದ ಪ್ರಕಾರ ನಡೆದಿದೆ, ಎಲ್ಲ ಮಕ್ಕಳೂ ಪಾರಾಗಿದ್ದಾರೆ, ಅಧ್ಯಾಪಿಕೆ ಹೆಡ್‌ಮಾಷ್ಟ್ರ ಅಪ್ಪಣೆ ಇಲ್ಲದೆ ಸಾಲು ಬಿಟ್ಟು ಹೋದದ್ದೇ ಅನಾಹುತಕ್ಕೆ ಕಾರಣ ಎಂದು ಬರೆದರು. ಅವಲಕ್ಕಿಯ ಸುದ್ದಿ ಅದರಲ್ಲಿ ಒಂದಕ್ಷರ ಇಲ್ಲ, ಅವರೂ ತಿಂದಿದ್ದರಲ್ಲ. ಅಪ್ಪಣೆ ಮೀರಿ ಸತ್ತವರ ಮನೆಗೆ ಪರಿಹಾರವೂ ಇಲ್ಲವಂತೆ. ‘ಪೂವಪ್ಪನವರೇ, ತಾಲೂಕಿಗೇ ನಿಮ್ಮ ಶಾಲೆ ಮಾದರಿ, ಹಂಚಿನ ಮಾಡಿಗೆ ಗ್ರಾಂಟು ಬರೆಯುತ್ತೇನೆ, ನೀವೊಂದು ರುಜು ಹಾಕಿ’ ಎಂದರು. ಚೆನ್ನಪ್ಪ ಮಾಷ್ಟ್ರು ಹಾಕಿ ಆಗಿತ್ತು. ಅವರ ರುಜುವಿನ ಮೇಲೆ ಶಾಯಿ ಚೆಲ್ಲಿದೆ. ಅವರಿಗೆ ಐದು ಮಕ್ಕಳು. ಕನ್ನಡಕ ಮನೆಯಲ್ಲಿ ಉಂಟು ಎಂದು ಹೇಳಿ ಕಾಗದ ತಂದಿಟ್ಟುಕೊಂಡೆ. ಕನ್ನಡಕ ಜೇಬಿನಲ್ಲೇ ಇತ್ತು.

ಅಮ್ಮು ಆ ವಿಷಯ ಹೆಚ್ಚು ಮಾತಾಡುವುದಿಲ್ಲ. ಒಂದು ಸಲ ಮಾತ್ರ, ಅತ್ತಿಗೆ ಕಟ್ಟು ಬಿಚ್ಚುವಾಗ, ‘ಟೀಚರು ಬರುವ ಮೊದಲೇ ನಾನು ಕೈ ಒಡ್ಡಿ ಆಗಿತ್ತು ಮಾವ’ ಎಂದಳು. ಸ್ಟೇಷನ್ನಿನಲ್ಲಿ ಗಾಡಿ ಬರುವ ಮೊದಲು ಹೊಡೆಯುವುದೂ ರೈಲು ಕಂಬಿಯ ಗಂಟೆ ಅಲ್ಲವಾ, ನಮ್ಮ ಮನೆಗೆ ಸ್ಪಷ್ಟ ಕೇಳುತ್ತದೆ. ಅದು ಕೇಳಿದಾಗ ಅವಳು ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ನಿಂತು, ಸ್ವಲ್ಪ ಹೊತ್ತು ಬಿಟ್ಟು ಬಲಗೈ ಮುಂದೆ ಒಡ್ಡುತ್ತಾಳೆ. ಆಮೇಲೆ ಇಳಿಸುತ್ತಾಳೆ. ದಿನಕ್ಕೆ ಆರು ಗಾಡಿ.

ಕಾಗದ ಉದ್ದವಾಯಿತು, ಅಂಚೆ ಚೀಲ ಕಟ್ಟುವ ಹೊತ್ತೂ ಆಯಿತು. ಸೊಂಟಕ್ಕೆ ಎಣ್ಣೆ ಮರೆಯಬೇಡ. ಭಾವನಿಗೆ ನನ್ನ ನಮಸ್ಕಾರ, ಇನ್ನೂ ಸ್ವಲ್ಪ ಉಂಟು, ನೀರು ಕುಡಿದು ಮುಂದೆ ಓದಲಿ. ಅತ್ತಿಗೆ ನಿನ್ನನ್ನು ಕೇಳಿದ್ದಾಳೆ. ಮನೆಯ ದೈವಗಳು ನಿಮ್ಮನ್ನು ಕಾಯಲಿ.

ನಿನ್ನ ಅಣ್ಣ,
ಪೂವಪ್ಪ

ತಾ.ಕ.: ವರದಿಗೆ ರುಜು ಹಾಕಲಿಲ್ಲ. ಮಕ್ಕಳು ಹಿಂದೆ ಓಡಿದ್ದು ನಾನು ಎರಡು ವರ್ಷ ಅವಲಕ್ಕಿ ಕೊಟ್ಟು ಹಾಗೆ ಕಲಿಸಿದ್ದರಿಂದ, ಟೀಚರು ಓಡಿದ್ದು ಅವರನ್ನು ತರಲು, ಭತ್ತ ನನ್ನದು, ಅದು ರೇಷನ್ನಿನ ಲೆಕ್ಕದಲ್ಲಿ ಇಲ್ಲದ್ದು ಎಂದು ಬೇರೆ ಕಾಗದ ಬರೆದು ಮೇಲಿನ ಆಫೀಸಿಗೆ ಇದೇ ಅಂಚೆಯಲ್ಲಿ ಹಾಕುತ್ತಿದ್ದೇನೆ. ಗ್ರಾಂಟು ಬರುವುದಿಲ್ಲ, ಶಾಲೆಯೂ ಕೈಬಿಡಬಹುದು, ಅಂಗಡಿಗೂ ಪೆಟ್ಟು ಬೀಳಬಹುದು. ನಮ್ಮ ಅಳಿಯಕಟ್ಟಿನಲ್ಲಿ ಮಾವನ ಸೊತ್ತು ತಂಗಿಯ ಮಕ್ಕಳಿಗೆ, ಆದ್ದರಿಂದ ಹೋಗುವುದು ಅಮ್ಮುವಿನದು, ನಿನ್ನನ್ನು ಕೇಳಿ ಮಾಡಬೇಕಿತ್ತು. ನಿನ್ನ ಉತ್ತರ ಬರಲು ಹತ್ತು ದಿನ ಬೇಕು, ಹತ್ತು ದಿನದಲ್ಲಿ ನಾನು ಕನ್ನಡಕ ಹುಡುಕಿ ರುಜು ಹಾಕಿಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಬೈಯುವುದಿದ್ದರೆ ಬೈದು ಬರೆಸು.

ಯಾರಿಗೆ ಎಂತ ಸಿಕ್ಕಿತು ಎಂಬುದನ್ನೂ ಬರೆದು ಮುಗಿಸುತ್ತೇನೆ. ಉಗ್ಗಪ್ಪನಿಗೆ ಈ ಸಲದ ಸುಡುಮಣ್ಣು. ಇನ್ಸ್‌ಪೆಕ್ಟರರಿಗೆ ಹದಿನೈದು ದಿನದ ಮಟ್ಟಿಗೆ ಒಂದು ಒಳ್ಳೆಯ ವರದಿ. ಸುಬ್ಬಲಕ್ಷ್ಮಿಯಮ್ಮನಿಗೆ, ನನ್ನ ಕಾಗದ ಓದುವವರು ಓದಿದರೆ, ಪರಿಹಾರ. ಅರುವತ್ತೊಂದು ಮಕ್ಕಳಿಗೆ ಜೀವ. ಅಮ್ಮುವಿಗೆ ಎಂಟು ಬೆರಳು. ಅಂಗಡಿಯಲ್ಲಿ ಮುಂದಿನ ಡ್ರಿಲ್ಲಿಗೆಂದು ತೆಗೆದಿಟ್ಟ ಮೂರು ಸೇರು ಅವಲಕ್ಕಿ ಉಳಿದಿದೆ. ಅದು ನನಗೆ.