ಅಮ್ಮನ ಉಪ್ಪಿನಕಾಯಿಗೆ ಒಂದು ಚಿಟಿಕೆ

ಬಸವೇಶ್ವರನಗರ
18-8-2024

ಪ್ರೀತಿಯ ರಾಗಿಣಿ,

ಹೇಗಿದ್ದೀಯೇ? ಏಳು ತಿಂಗಳಾದ ಮೇಲೆ ಅಕ್ಕನಿಗೆ ನನ್ನ ನೆನಪಾಯಿತೇ ಎಂದು ಮುಖ ತಿರುಗಿಸಬೇಡ. ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ. ಕೆಂಗೇರಿ ಉಪನಗರಕ್ಕೆ ಬಂದೇಬಿಡೋಣವೆಂದರೆ, ನೀನು ಬಾಗಿಲು ತೆಗೆಯದಿದ್ದರೆ ಎಂಬ ಭಯ. ಅಂಚೆಯವರನ್ನು ಬ್ಲಾಕ್ ಮಾಡಲಾಗದಲ್ಲ, ಅದಕ್ಕೇ ಈ ಕಾಗದ.

ಮೊದಲು ನಗುವ ಸುದ್ದಿ. ನಮ್ಮ ಮಹಿಳಾ ಸಮಾಜದ ತಿಂಡಿ ಮೇಳಕ್ಕೆ ಇಪ್ಪತ್ತು ಬಾಟಲಿ ಟೊಮೆಟೊ ಗೊಜ್ಜು ಮಾಡಿದ್ದೆ. ಉಪ್ಪು ಕಡಿಮೆ, ಎಣ್ಣೆ ಕಡಿಮೆ, ಪ್ರಿಸರ್ವೇಟಿವ್ ಇಲ್ಲವೇ ಇಲ್ಲ ಎಂದು ಜಂಬದಿಂದ ಚೀಟಿ ಬೇರೆ ಅಂಟಿಸಿದ್ದೆ. ಮಾಡಿದ ನಾಲ್ಕನೆಯ ದಿನ ಮೇಳದಲ್ಲಿ ಅಧ್ಯಕ್ಷೆ ಶೋಭಾರಾಣಿ ಒಂದು ಬಾಟಲಿ ಎತ್ತಿ ತಿರುವಿದರು ನೋಡು, ಮುಚ್ಚಳ ಪಟ್ಟೆಂದು ಹಾರಿ ಅವರ ರೇಷ್ಮೆ ಸೀರೆಗೆ ಗೊಜ್ಜಿನ ಅಭಿಷೇಕವಾಯಿತು. ಉಳಿದವೂ ಬುಸ್ ಎನ್ನುತ್ತಿದ್ದವು. ನಿನ್ನ ಭಾವ ಇನ್ನೂ ನಗುತ್ತಿದ್ದಾರೆ.

ಪಕ್ಕದ ಮನೆಯ ಅಂಜನಮ್ಮ ಆಹಾರ ಪರೀಕ್ಷೆಯ ಲ್ಯಾಬಿನಲ್ಲಿದ್ದು ನಿವೃತ್ತರಾದವರು. ನನ್ನನ್ನು ಕೂರಿಸಿಕೊಂಡು ಹೇಳಿದರು:

"ಉಪ್ಪೂ ಕೆಡದೇ ಇರ್ಲಿ ಅಂತಾನೇ ಅಲ್ವೇನಮ್ಮ ಹಾಕೋದು? ಅದನ್ನ ಕಮ್ಮಿ ಮಾಡಿದ್ಮೇಲೆ ಬೇರೆ ಏನಾದ್ರೂ ಕಾಯ್ಬೇಕಲ್ಲ."

ಬೆಂಜೋಯೇಟ್ ಎಂಬ ಪ್ರಿಸರ್ವೇಟಿವ್ ಪುಡಿ ಅಳತೆಯಲ್ಲಿದ್ದರೆ ಬೂಷ್ಟು ತಡೆಯುತ್ತದಂತೆ, ಕೈಗೆ ಬಂದಷ್ಟು ಸುರಿದರೆ ತಪ್ಪಂತೆ. ಒಣಹಣ್ಣು ಕಪ್ಪಾಗದಿರಲು ಬಳಸುವ ಸಲ್ಫೈಟ್ ಉಬ್ಬಸದ ಕೆಲವರಿಗೆ ಆಗಿಬರುವುದಿಲ್ಲ, ಹಳಸಿದ್ದನ್ನು ಮುಚ್ಚಿಡಲು ಬಣ್ಣ ಹಾಕುವುದಂತೂ ಶುದ್ಧ ಮೋಸ ಎಂದರು. ನಾನೋ, ಎಲ್ಲವನ್ನೂ ವಿಷ ಎಂದು ಕರೆದು ಕೂತವಳು.

ಅಮ್ಮನ ವೈಕುಂಠ ಸಮಾರಾಧನೆಯ ದಿನ ಅವಳು ಕೊನೆಯದಾಗಿ ಹಾಕಿದ್ದ ನಿಂಬೆಕಾಯಿ ಉಪ್ಪಿನಕಾಯಿಯನ್ನು ಹಂಚಿಕೊಂಡೆವಲ್ಲ, ಬಿ.ಪಿ. ಎಂದು ಅಮ್ಮ ಉಪ್ಪು ಕಡಿಮೆ ಹಾಕಿದ್ದಾಳೆ, ಹೀಗೇ ಇಟ್ಟರೆ ಉಳಿಯುವುದಿಲ್ಲ ಎಂದು ನೀನು ನಿನ್ನ ಪಾಲಿಗೆ ಆ ಬೆಂಜೋಯೇಟ್ ಪುಡಿಯನ್ನೇ ಅಳೆದು ಬೆರೆಸಿದೆ. ಉಪ್ಪಿನಕಾಯಿ ಮಾರಿ ಸಂಸಾರ ನಡೆಸುವ ನಿನಗೆ ನೆಂಟರೆಲ್ಲರ ಎದುರು ನಾನು ಅಂದದ್ದು, "ಅಮ್ಮನ ಕೈರುಚಿಗೂ ವಿಷ ಬೆರೆಸ್ತೀಯಲ್ಲೇ." ನೀನು ಎಲೆ ಬಿಟ್ಟು ಎದ್ದು ಹೋದೆ. ತಪ್ಪು ನನ್ನದು ಕಣೇ. ಕ್ಷಮಿಸಿಬಿಡು.

ನಿನ್ನ ಮಗ ಆತ್ರೇಯನ ಕೆನ್ನೆಗೆ ನನ್ನದೊಂದು ಮುತ್ತು. ನೀವೆಲ್ಲ ನೂರು ಕಾಲ ನಗುನಗುತ್ತಾ ಇರಿ.

ನಿನ್ನ ಬಾಯಿಬಡುಕಿ ಅಕ್ಕ,
ಜಲಜಾ

ತಾ.ಕ.: ನನ್ನ ಪಾಲಿನ ಉಪ್ಪಿನಕಾಯಿಗೆ ಎರಡನೆಯ ತಿಂಗಳಲ್ಲೇ ಬೂಷ್ಟು ಬಂತು. ಯಾರಿಗೂ ಹೇಳದೆ ಚೆಲ್ಲಿ ಜಾಡಿ ತೊಳೆದಿಟ್ಟೆ. ಅಮ್ಮ ಹೋದ ದಿನವೂ ನಾನು ಅಷ್ಟು ಅತ್ತಿರಲಿಲ್ಲ. ನಿನ್ನ ಹತ್ತಿರ ಇನ್ನೂ ಇದೆಯೇನೇ? ಒಂದೇ ಒಂದು ಹೋಳು ಸಾಕು. ಮುಂದಿನ ಭಾನುವಾರ ಮೊಸರನ್ನ ಕಲೆಸಿಕೊಂಡು ಬರುತ್ತೇನೆ. ಬಾಗಿಲು ತೆಗಿ.